ಬಿಸಿಲು ಏರುವ ಮುಂಚೆ

ಕಲಬುರಗಿಯವರಿಗೆ ಇರುವುದು ಎರಡೇ ಕಾಲ, ಒಂದು ಬಿಸಿಲು, ಇನ್ನೊಂದು ಭಾರೀ ಬಿಸಿಲು ಎಂದು ಹೊರಗಿನವರು ನಗೆಯಾಡುತ್ತಾರೆ. ನಗಲಿ ಬಿಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಎಂಬ ಬಯಲು ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಆ ನಗೆ ತಾನಾಗಿಯೇ ಒಣಗುತ್ತದೆ. ಅಲ್ಲಿನ ಗಾಜಿಪುರ ಓಣಿಯ ಅಣವೀರಪ್ಪನಂತೂ ಬಿಸಿಲನ್ನು ಹಗೆಯಂತೆ ಕಾಣುವ ಮನುಷ್ಯ. ಬಸ್ ನಿಲ್ದಾಣದಲ್ಲಿ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಿಸುವ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಪೇಟೆಯ ಕೆಲಸವಿರಲಿ, ಮದುವೆಯಿರಲಿ, ಸತ್ತವರ ಮಣ್ಣಿಗೆ ಹೋಗುವುದಿರಲಿ, ಅವನ ಬಾಯಲ್ಲಿ ಒಂದೇ ಮಾತು: "ಬಿಸಿಲು ಏರೋದ್ರೊಳಗ ಮುಗಿಸ್ರಿ." ಜಳ ಬಡಿಯಬಾರದೆಂದು ಜೇಬಿನಲ್ಲಿ ಒಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಇಟ್ಟುಕೊಳ್ಳದೆ ಹೊಸ್ತಿಲು ದಾಟುವವನಲ್ಲ.

ಇಂಥವನು ಬೆಟ್ಟ ಹತ್ತುವ ಯೋಜನೆ ಹಾಕಿದ. ಹಾಕಿದ್ದು ತನಗಾಗಿ ಅಲ್ಲ, ಅಕ್ಕನಿಗಾಗಿ.

ಅಕ್ಕ ಲಲಿತಾಬಾಯಿ ಇರುವುದು ಕಮಲಾಪುರದಲ್ಲಿ, ಮಗ ಸೊಸೆಯ ಜೊತೆ. ತಾಯಿ ಸತ್ತಾಗ ಕೂಸಾಗಿದ್ದ ಅಣವೀರಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಆಮೇಲೆ ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದಳು. ವರ್ಷಾ ವರ್ಷಾ ಬೋರ್ಡಿನ ಮೇಲೆ ಭಾರತದ ನಕ್ಷೆ ಬರೆಯುವಳು, ಪಶ್ಚಿಮಕ್ಕೆ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು "ಇದು ಅರಬ್ಬೀ ಸಮುದ್ರ" ಎನ್ನುವಳು. "ಟೀಚರ್, ನೀವು ನೋಡೀರೇನ್ರಿ?" ಎಂದು ಪ್ರತಿ ವರ್ಷ ಯಾವುದಾದರೂ ಹುಡುಗಿ ಕೇಳಿಯೇ ಕೇಳುವುದು. "ಇಲ್ಲವಾ" ಎಂದು ಹೇಳಿ ಹೇಳಿ ಅವಳು ನಿವೃತ್ತಳಾದಳು.

ಗೋವಾಕ್ಕೆ ರೈಲು ಹತ್ತಿಸಿದ್ದರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಅಣವೀರಪ್ಪನೂ ಅದನ್ನೇ ಹೇಳಿದ್ದ. ಅಕ್ಕ ಒಪ್ಪಲಿಲ್ಲ. "ದಂಡಿ ಮ್ಯಾಲ ನಿಂತ್ರ ಬರೇ ನೀರು ಕಾಣ್ತದೋ ತಮ್ಮಾ. ನನಗ ಮ್ಯಾಲಿಂದ ನೋಡಬೇಕಾಗ್ಯದ. ನೆಲ ಎಲ್ಲಿ ಮುಗೀತದ, ನೀರು ಎಲ್ಲಿ ಸುರುವಾಗ್ತದ, ಆ ಗೆರಿ ನೋಡಬೇಕು. ನಾ ಬರೀತಿದ್ದೆನಲ್ಲ, ಅದು ಖರೇನ ಹಂಗ ಅದ ಏನು ಅಂತ."

ದಾರಿ ಹುಡುಕಿಕೊಟ್ಟವನು ಮಕ್ಸೂದ್. ದೂರದ ರೂಟಿನ ಬಸ್ಸು ಓಡಿಸುತ್ತಿದ್ದ ಡ್ರೈವರ್, ಈಗ ಅಣವೀರಪ್ಪನ ಜೊತೆ ದಿನಾ ಮುಂಜಾನೆ ವಾಕಿಂಗ್ ಮಾಡುವ ಗೆಳೆಯ. ಮಹಾರಾಷ್ಟ್ರದ ಕಡೆ ಸಹ್ಯಾದ್ರಿಯ ಬೆಟ್ಟಗಳ ನೆತ್ತಿಯ ಮೇಲೇ ಸಾಗುವ ಎರಡು ದಿನದ ಕಾಲುದಾರಿಯೊಂದಿದೆ, ನಡುವೆ ಒಂದು ಕವಲು ಒಡೆಯುತ್ತದೆ, ಗಂಟುಮೂಟೆಯನ್ನು ಅಲ್ಲೇ ಇಟ್ಟು ಶಿಖರ ಹತ್ತಿ ಅದೇ ದಾರಿಯಲ್ಲಿ ಇಳಿದು ಬರಬೇಕು, ಆಕಾಶ ತಿಳಿಯಾಗಿದ್ದರೆ ತುದಿಯಿಂದ ಸಮುದ್ರ ಕಾಣುತ್ತದೆ ಎಂದು ಯಾರಿಂದಲೋ ತಿಳಿದು ಬಂದ. ಅಕ್ಕನಿಗೆ ಸುದ್ದಿ ಮುಟ್ಟಿದ್ದೇ ತಡ, ನೋಯುವ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ದಿನಾ ಶಾಲೆಯ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ನಮ್ಮ ತಮ್ಮ ಸಮುದ್ರ ತೋರಿಸಾಕ ಕರ್ಕೊಂಡು ಹೊಂಟಾನ ಎಂದು ಓಣಿಗೆಲ್ಲ ಸಾರಿದಳು.

ಗಾಜಿಪುರದ ಮನೆಯಲ್ಲಿ ಚಹಾ ಕುಡಿಯುತ್ತ ಯೋಜನೆ ನಡೆಯಿತು. ಕವಲಿನ ಹತ್ತಿರದ ಹಳ್ಳಿಯಲ್ಲಿ ರಾತ್ರಿ ವಸ್ತಿ ಎಂಬುದಕ್ಕೆ ಇಬ್ಬರದೂ ಒಮ್ಮತ. ಶಿಖರದ ಮಾತು ಬಂದಾಗ ಜಗಳ.

"ಆರಾಮ ನಾಷ್ಟಾ ಮಾಡಿ ಹೊಂಡೂನ್ರಿ ಸಾಹೇಬ್ರ," ಎಂದ ಮಕ್ಸೂದ್. "ಮ್ಯಾಲ ಕುಂತು ರೊಟ್ಟಿ ತಿಂದು ಸಾವಕಾಶ ಇಳಿಯೂನು. ಅಕ್ಕಾರ ಕಾಲಿಗೂ ಛಲೋ."

"ನಡು ಹೊತ್ತಿನಾಗ ಬೆಟ್ಟದ ಮ್ಯಾಲ? ತಲಿ ಕೆಟ್ಟದೇನು ನಿನಗ? ನಸುಕಿನಾಗ ಹತ್ತೂದು, ಬಿಸಿಲು ಏರೋದ್ರೊಳಗ ಇಳಿಯೂದು."

"ಅದು ಥಂಡಿ ಸೀಮಿ ಐತ್ರಿ. ನಮ್ಮ ಬಿಸಿಲು ಅಲ್ಲಿ ಎಲ್ಲಿ ಬರ್ತದ?"

"ಸೂರ್ಯ ಊರಿಗೊಬ್ಬ ಇರ್ತಾನೇನು?" ಎಂದು ಅಣವೀರಪ್ಪ ಬಾಯಿ ಮುಚ್ಚಿಸಿದ. ಒಳಗಿನಿಂದ ಅವನ ಹೆಂಡತಿ ವಿದ್ಯಾವತಿ, "ಹಂಗಾದ್ರ ಉಳ್ಳಾಗಡ್ಡಿ ಒಂದು ಚೀಲ ಕಟ್ಟಲೇನ್ರಿ?" ಎಂದು ಚುಚ್ಚಿದಳು. ಅಕ್ಕನಿಗೆ ಫೋನಿನಲ್ಲಿ ಕೇಳಿದರೆ, "ನಿನಗ ಹೆಂಗ ಅನಕೂಲ ಹಂಗ ಮಾಡೋ ತಮ್ಮಾ" ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅಣವೀರಪ್ಪನ ಯೋಜನೆಯೇ ಗೆದ್ದಿತು.

ದೀಪಾವಳಿ ಮುಗಿದ ಮೇಲೆ ಅಕ್ಕ, ತಮ್ಮ, ಮಕ್ಸೂದ್ ಮೂವರೂ ಹೋದರು. ಮೊದಲ ದಿನದ ನಡಿಗೆ ಸಲೀಸಾಗಿಯೇ ಸಾಗಿತು. ಮರುದಿನ ಕೋಳಿ ಕೂಗುವ ಮುಂಚೆ ಅಣವೀರಪ್ಪ ಎಲ್ಲರನ್ನೂ ಎಬ್ಬಿಸಿದ. ಕವಲಿನಲ್ಲಿದ್ದ ಸಣ್ಣ ಗುಡಿಯ ಕಟ್ಟೆಯ ಮೇಲೆ ಚೀಲಗಳನ್ನಿಟ್ಟು, ಮೂವರಿಗೂ ಒಂದೊಂದು ಉಳ್ಳಾಗಡ್ಡಿ ಹಂಚಿ, ಬ್ಯಾಟರಿ ಹಿಡಿದು ಮುಂದೆ ನಡೆದ. ದಾರಿ ಬಲು ಕಡಿದು. ಅಕ್ಕ ಕೋಲೂರಿಕೊಂಡು, ನಿಂತು ನಿಂತು ಹತ್ತಿದಳು. ಕೈ ಹಿಡಿಯಲು ಹೋದರೆ ಬೇಡವೆಂದಳು. ಬೆಳಕು ಹರಿಯುವ ಹೊತ್ತಿಗೆ ತುದಿ ಮುಟ್ಟಿದರು.

ತುದಿಯಲ್ಲಿ ಏನೂ ಇರಲಿಲ್ಲ. ಕಣಿವೆಯಿಲ್ಲ, ಆಕಾಶವಿಲ್ಲ, ಎಲ್ಲ ಬರೀ ಬಿಳಿ ಮಂಜು. ಚಾಚಿದ ಕೈ ಕಾಣುವುದೇ ಕಷ್ಟವಾಗಿತ್ತು. ಲಲಿತಾಬಾಯಿ ಪಶ್ಚಿಮ ಯಾವ ಕಡೆ ಎಂದು ಮಕ್ಸೂದನನ್ನು ಕೇಳಿ ಆ ಕಡೆಗೆ ಮುಖ ಮಾಡಿ ನಿಂತಳು. ತುಸು ಹೊತ್ತಾದ ಮೇಲೆ ಹೇಳಿದಳು: "ತಮ್ಮಾ, ಒಂದೀಟು ಕುಂಡ್ರೂನೇನು? ಮಂಜು ಸರೀಬಹುದು."

ಅಣವೀರಪ್ಪ ಪೂರ್ವದ ಕಡೆ ನೋಡಿದ. ಮಂಜಿನ ಹಿಂದೆ ಸೂರ್ಯ ಮೇಲೇರುತ್ತಿದ್ದ. ಅಷ್ಟು ಸಾಕಾಯಿತು ಅವನಿಗೆ. "ಹೊತ್ತು ಏರಿತಂದ್ರ ಇಳಿಯೋದು ತ್ರಾಸ ಆಗ್ತದ ಅಕ್ಕಾ. ಮುಂದಿನ ದಾರಿ ಇನ್ನಾ ಭಾಳ ಅದ. ಇವತ್ತು ನಮ್ಮ ನಸೀಬದಾಗ ಇಲ್ಲ. ನಡಿ, ನಡಿ." ಬಸ್ಸು ಬಿಡುವ ಅವಸರವೇ ಅವನ ಕಾಲಿಗೂ ಬಂದಿತ್ತು. ಹೇಳುತ್ತಲೇ ಇಳಿಯತೊಡಗಿದ. ಮಕ್ಸೂದ್ ಮಾತ್ರ, "ನೀವು ನಡೀರಿ, ನಾ ಹಿಂದಿಂದ ಬರ್ತೀನಿ" ಎಂದು ಬಂಡೆಯೊಂದರ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದ.

ಗುಡಿಯ ಕಟ್ಟೆಗೆ ಬಂದು ಕುಳಿತಾಗ ಬಿಸಿಲು ಬಿತ್ತು. ಅಣವೀರಪ್ಪ ಬದುಕಿಡೀ ಅಂಜಿದ ಬಿಸಿಲಲ್ಲ ಅದು. ಎಳೆಯ ಬಿಸಿಲು, ಮೈಗೆ ಹಿತವಾಗಿತ್ತು, ಇನ್ನಷ್ಟು ಹೊತ್ತು ಕಾಯಿಸಿಕೊಳ್ಳೋಣ ಎನಿಸುವಂತಿತ್ತು. ಅವನು ತಲೆಯೆತ್ತಿದ. ಮಂಜೆಲ್ಲ ಕರಗಿ ಶಿಖರ ನೀಲಿ ಆಕಾಶದಲ್ಲಿ ನಿಚ್ಚಳವಾಗಿ ನಿಂತಿತ್ತು. ಅಕ್ಕನೂ ನೋಡಿದಳು. ಅವಳ ಮೊಣಕಾಲು ಊದಿಕೊಂಡಿತ್ತು, ಪಟ್ಟಿ ಬಿಚ್ಚಿ ನೀವಿಕೊಳ್ಳುತ್ತಿದ್ದಳು. "ಭಾಳ ಛಂದ ಕಾಣ್ತದ" ಎಂದಳು, ಅಷ್ಟೇ. ಮತ್ತೆ ಹತ್ತೋಣ ಎನ್ನಲು ಹೊರಟವನು ಆ ಕಾಲು ಕಂಡು ನೀರಿನ ಬಾಟಲಿ ಅವಳ ಕೈಗಿಟ್ಟ.

ಮಕ್ಸೂದ್ ಇಳಿದು ಬಂದವನು ದೂರದಿಂದಲೇ "ಕಾಣ್ತು! ಸಾಫ್ ಕಾಣ್ತು!" ಎಂದು ಕೂಗಿದ. ಹತ್ತಿರ ಬಂದು ಇಬ್ಬರ ಮುಖ ಕಂಡ ಮೇಲೆ ಚೀಲ ಹೆಗಲಿಗೇರಿಸಿದ. ಉಳಿದ ದಾರಿ ಕುಂಟುತ್ತ ಮುಗಿಸಿ, ಊರಿಗೆ ಮರಳುವ ಬಸ್ಸಿನಲ್ಲಿ ಲಲಿತಾಬಾಯಿ ತಾನೇ ಅವನ ಪಕ್ಕ ಹೋಗಿ ಕುಳಿತು, ಹೆಂಗಿತ್ತು ಎಂದು ಕೇಳಿದಳು. ಅವನು ಡ್ರೈವರನ ಮಾತಿನಲ್ಲೇ ಹೇಳಿದ: "ನಡು ಬ್ಯಾಸಗಿಯಾಗ ಡಾಂಬರ್ ರೋಡಿನ ಮ್ಯಾಲ ಮುಂದ ನೀರು ಹೊಳದಂಗ ಕಾಣ್ತದಲ್ರಿ ಅಕ್ಕಾರ, ಹಂಗ. ಅದು ಹತ್ರ ಹ್ವಾದ್ರ ಮಾಯ ಆಗ್ತದ. ಇದು ಆಗಲಿಲ್ಲ." ಅವಳು ಗೆರೆ ಸೀದಾ ಇತ್ತೋ ಸೊಟ್ಟಗಿತ್ತೋ ಎಂದು ಕೇಳಿದಳು. ಸೊಟ್ಟ ಎಂದ. ಹಿಂದಿನ ಸೀಟಿನಲ್ಲಿದ್ದ ಅಣವೀರಪ್ಪ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಊರಿಗೆ ಬಂದ ಮೇಲೆ ಡಾಕ್ಟರು ಅಕ್ಕನಿಗೆ, ಇನ್ನು ಮೆಟ್ಟಿಲು ಸಹ ಹತ್ತಬಾರದು ಎಂದರು. ಸವೆದ ಮೊಣಕಾಲಿನಲ್ಲಿ ಉಳಿದಿದ್ದ ಒಂದೇ ಒಂದು ಬೆಟ್ಟವನ್ನು ಅಣವೀರಪ್ಪ ಮಂಜಿಗೆ ಖರ್ಚು ಮಾಡಿಬಿಟ್ಟಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ತಿಂಗಳುಗಟ್ಟಲೆ ಅವನು ಕಮಲಾಪುರದ ಕಡೆ ಮುಖ ಹಾಕಲಿಲ್ಲ. ಮುಂಜಾನೆ ವಾಕಿಂಗಿನಲ್ಲಿ ಮಕ್ಸೂದ್ ಬೇರೆಲ್ಲ ಮಾತಾಡಿದರೂ ಬೆಟ್ಟದ ಮಾತು ಎತ್ತುತ್ತಿರಲಿಲ್ಲ, ಅದು ಇನ್ನೂ ನೋಯುತ್ತಿತ್ತು. ಕಡೆಗೆ ವಿದ್ಯಾವತಿಯೇ ಬೈದು ಕಳಿಸಿದಳು.

ಹೋದರೆ ಅಕ್ಕನ ಪಡಸಾಲೆಯಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ಅವಳು ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ಹೇಳುತ್ತಿದ್ದಳು: "ಡಾಂಬರ್ ರೋಡಿನ ಮ್ಯಾಲ ನೀರು ಹೊಳದಂಗ ಅದ ನೋಡ್ರಿ. ಗೆರಿ ಮಾತ್ರ ಸೊಟ್ಟ, ನಾ ಬೋರ್ಡಿನ ಮ್ಯಾಲ ಸೀದಾ ಎಳೀತಿದ್ದೆ, ತಪ್ಪು. ನನ್ನ ತಮ್ಮ ಬಾಜೂಕ ನಿಂತು ಬೊಟ್ಟು ಮಾಡಿ ತೋರಿಸಿದ."

ಅಣವೀರಪ್ಪ ಬಾಗಿಲಲ್ಲೇ ನಿಂತ. ನೆರೆಮನೆಯ ಮಲ್ಲಿಕಾ ಅವನನ್ನು ಕಂಡು, "ಬರ್ರಿ ಸಾಹೇಬ್ರ, ನೀವ ಹೇಳ್ರಲ್ಲ, ಹೆಂಗಿತ್ರಿ ಸಮುದ್ರ?" ಎಂದಳು. ಅಕ್ಕ ಅವನನ್ನೇ ನೋಡಿದಳು.

"ಅಕ್ಕ ಹೇಳಿದಂಗ ಇತ್ರಿ," ಎಂದ.

ಹೆಂಗಸರು ಹೋದ ಮೇಲೆ ಅವಳು ಕೆಂಪು ಬಾಳೆಹಣ್ಣಿನ ಚಿಪ್ಪು ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಯಾಕ ಸುಳ್ಳ ಹೇಳಿದಿ ಅಕ್ಕಾ?"

"ಮತ್ತೇನ್ ಹೇಳ್ಲೋ? ಬಿಸಿಲಿಗೆ ಅಂಜಿ ನನ್ನ ತಮ್ಮ ತುದಿಯಿಂದ ಇಳಿಸ್ಕೊಂಡು ಬಂದ ಅಂತ ಹೇಳ್ಲೇನು? ಎಲ್ಲಾರೂ ನಗತಿದ್ರು ನಿನಗ."

ಅಣವೀರಪ್ಪನ ಕಣ್ಣು ತುಂಬಿದವು. ಇಷ್ಟು ತಿಂಗಳು ಅವನು ಒಳಗೊಳಗೇ ಹಿಡಿದುಕೊಂಡಿದ್ದ ಒಂದೇ ಒಂದು ನೆಪ ಈಗ ಬಾಯಿಗೆ ಬಂತು. "ನೀ ಇನ್ನೊಂದು ಸಲ ಹೇಳಬೇಕಿತ್ತ ಅಕ್ಕಾ. ಒಂದು ಮಾತು. ನಾ ಕುಂಡ್ರತಿದ್ದೆ."

"ಹೇಳಿದೆನೋ," ಎಂದಳು ಅಕ್ಕ, ಹಣ್ಣು ಸುಲಿದು ಅವನ ಕೈಗಿಡುತ್ತ. "ನೀ ಇಳಿಯಾಕತ್ತಿದ ಮ್ಯಾಲ ಎರಡು ಸಲ ಕೂಗಿದೆ. ಗಾಳಿ ಭಾಳ ಇತ್ತಲ್ಲ, ನಿನಗ ಕೇಳಿರಲಿಕ್ಕಿಲ್ಲ ಬಿಡು."

ಅವತ್ತು ಬೆಟ್ಟದ ಮೇಲೆ ಗಾಳಿ ಇರಲಿಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಣವೀರಪ್ಪನಿಗೆ ಅದು ಚೆನ್ನಾಗಿ ನೆನಪಿತ್ತು, ಅಕ್ಕನಿಗೂ ನೆನಪಿತ್ತು.