ಸುಗುಣಕ್ಕನ ಸ್ಲ್ಯಾಬು

ಅಂಗೈಯಗಲದ ಕಾಂಕ್ರೀಟು ಚೂರನ್ನು ಸುಗುಣಕ್ಕ ಮೀನಿನ ಬುಟ್ಟಿಯಲ್ಲೇ ಹಾಕಿಕೊಂಡು ಕೋಡಿಯಿಂದ ಕೋಟೇಶ್ವರದ ತನಕ ಬಂದಿದ್ದಳು.

"ಸುಧಾಕರಾ, ಇದೆಂತ ಕಾಣ್. ನಿನ್ನೆ ನಡುಕೋಣಿಯಗೆ ಬಿದ್ದದ್ದ್. ಮಗಳ್ ಚೇತನಾ ಅಲ್ಲೇ ಕೂತ್ಕಂಡಿದ್ಲ್, ಆಗಷ್ಟೇ ಎದ್ದ್ ಹೋದ್ಲ್."

ಸುಧಾಕರ ಚೂರನ್ನು ತಿರುಗಿಸಿದ. ಕಂಬಿ ಕೂತಿದ್ದ ಗೆರೆ ಉದ್ದಕ್ಕೂ ಅಚ್ಚೊತ್ತಿತ್ತು, ಗೆರೆಯೊಳಗೆ ಕಂದು ತುಕ್ಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹದಿನೈದು ವರ್ಷದಿಂದ ಕಂಬಿ ಕಟ್ಟುತ್ತಿರುವವನಿಗೆ ಇದನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಆರು ವರ್ಷದ ಹಿಂದೆ ಏಪ್ರಿಲಿನಲ್ಲಿ ಅವಳ ಮನೆಯ ಮಾಡಿನ ಸ್ಲ್ಯಾಬಿಗೆ ಕಂಬಿ ಕಟ್ಟಿದವನೂ ಅವನೇ.

ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಮನೆ. ಒಳಗೆ ಹೋಗಿ ತಲೆ ಎತ್ತಿದರೆ ಕಂಬಿ ಹೋದಲ್ಲೆಲ್ಲ ಬಿರುಕು, ಸ್ಕೇಲಿಟ್ಟು ಗೀಚಿದ ಹಾಗೆ.

"ಕಂಟ್ರಾಕ್ಟರಿಗೆ ಹೇಳ್ಲಿಲ್ಯಾ?"

"ಫೋನ್ ಮಾಡಿದ್ದೆ. ಹೇರ್‌ಲೈನ್ ಕ್ರ್ಯಾಕ್, ಎಲ್ಲಾ ಮನಿಯಗೂ ಇರತ್ತ್ ಅಂದ. ಮತ್ತ್ ಫೋನೇ ತೆಗೀತಿಲ್ಲೆ."

ಸುಧಾಕರನ ಮೈ ಉರಿಯಿತು. ಈ ಜನರ ಕಸುಬೇ ಇದು. ಗೊತ್ತಿಲ್ಲದ ಒಂದು ಪದವನ್ನು ಬಡವರ ಬಾಯಿಗೆ ತುರುಕುವುದು, ಅಲ್ಲಿಗೆ ಅವರ ಬಾಯಿ ಬಂದ್. ಹಾಗಾಗಬಾರದೆಂದೇ ಅವನು ಮನೆ ಕಟ್ಟುವಾಗ ಸುಗುಣಕ್ಕನಿಗೆ ಒಂದೊಂದೇ ಪದ ಬಿಡಿಸಿ ಹೇಳಿದ್ದ. ಪಂಚಾಂಗವೆಂದರೆ ಮನೆ ಕೂರುವ ಪೀಠ. ಲಿಂಟಲ್ ಎಂದರೆ ಬಾಗಿಲು ಕಿಟಕಿಗಳ ನೆತ್ತಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡತೊಲೆ. ಸೆಂಟ್ರಿಂಗ್ ಎಂದರೆ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆ, ಗೂಟ. ಕವರ್ ಎಂದರೆ ಕಂಬಿಯ ಮೈಗೆ ಗಾಳಿ ತಾಗದ ಹಾಗೆ ಸುತ್ತ ಬಿಡುವ ಕಾಂಕ್ರೀಟು, ಕಂಬಿಯ ಚರ್ಮ ಇದ್ದ ಹಾಗೆ. ಕ್ಯೂರಿಂಗ್ ಎಂದರೆ ಹಸಿ ಕಾಂಕ್ರೀಟು ಒಣಗದಂತೆ ನೀರುಣಿಸುವುದು.

ಮೀನು ಮಾರಿ ಬಂದವಳು ಬುಟ್ಟಿ ಇಳಿಸದೆಯೇ ನಿಂತು ಕೇಳುತ್ತಿದ್ದಳು. ಒಂದು ದಿನ ಕಂಟ್ರಾಕ್ಟರನನ್ನೇ ತಡೆದಿದ್ದಳು: "ಕಂಬಿ ಅಡಿಗೆ ಇಡು ಕವರ್ ಬ್ಲಾಕ್ ಎಲ್ಲಿತ್ತ್? ಕಂಬಿ ಹಲ್ಗಿಗೆ ತಾಗಿದ್ದ್ ಕಾಂತಿಲ್ಯಾ?" ಕೆಲಸದವರು ಬಿದ್ದು ಬಿದ್ದು ನಕ್ಕರು. "ಹ್ವಾಯ್, ಸರಿ ಕೆಲ್ಸ ಮಾಡಿ, ಇಂಜಿನಿಯರಮ್ಮ ಬಂದ್ರ್!" ಅವತ್ತು ಸುಧಾಕರನಿಗೆ ಎದೆಯುಬ್ಬಿತ್ತು.

ಈಗ ಬಿರುಕಿಗೆ ಉಳಿ ತೂರಿಸಿ ನೋಡಿದ. ಕವರ್ ಬೇಕಾದಷ್ಟಿದೆ. ಹೊಯ್ಗೆ ಹೊಳೆಯದ್ದೇ, ಕಡಲ ಉಪ್ಪು ಮರಳಲ್ಲ; ಜಲ್ಲಿಯೂ ಸರಿ. ಮತ್ತೆಂತ ಹಾಳು?

"ಕ್ಯೂರಿಂಗ್ ಸರಿ ಮಾಡಿದ್ರ್ಯಾ ಅಕ್ಕ?" ಕಾಂಕ್ರೀಟು ಹಾಕಿದ ಮರುದಿನವೇ ಅವನು ಬೈಂದೂರಿನ ಕೆಲಸಕ್ಕೆ ಹೋಗಿದ್ದ.

ಸುಗುಣಕ್ಕನಿಗೆ ಸಿಟ್ಟು ಬಂತು. "ಎಂತ ಕೇಂತೆ ಮಾರಾಯ? ನೀ ಹದ್ನಾಲ್ಕ್ ದಿನ ಅಂದದ್ದ್, ನಾನ್ ಇಪ್ಪತ್ತೊಂದ್ ದಿನ ಹಾಕಿದೆ. ಸುತ್ತ ಮಣ್ಣ್ ಕಟ್ಟಿ ನೀರ್ ನಿಲ್ಸಿದೆ. ಒಂದ್ ದಿನ ಒಣ್ಗುಕೆ ಬಿಡ್ಲಿಲ್ಲೆ."

"ಯಾವ ನೀರ್?"

"ಬಾವಿದ್, ಮತ್ಯಾವ್ದ್? ಅವ್ರ್ ಕಾಂಕ್ರೀಟ್ ಕಲ್ಸದ್ದೂ ಅದೇ ನೀರಗೆ."

"ಏಪ್ರಿಲ್‌ನಗೆ?"

ಶಿವರಾತ್ರಿ ಕಳೆಯಿತೆಂದರೆ ಆ ಸಾಲಿನ ಬಾವಿಗಳೆಲ್ಲ ಉಪ್ಪು. ಆ ನೀರಿನಲ್ಲಿ ಗಂಜಿ ಬೇಯಿಸಿದರೆ ಬಾಯಿಗಿಡಲಾಗದು. ಸಿಹಿ ನೀರು ಟ್ಯಾಂಕರಿನಲ್ಲಿ ಬರಬೇಕು, ಅದು ಕುಡಿಯಲಿಕ್ಕೆ. ಮೀಯಲು, ತೊಳೆಯಲು ಬಾವಿಯದ್ದು. ಕುಡಿಯುವ ನೀರನ್ನು ಮಾಡಿನ ಮೇಲೆ ಹೊಯ್ಯುವ ಹುಚ್ಚು ಯಾರಿಗಿದೆ? ಆದರೆ ಉಪ್ಪು ಒಳಗೆ ಇಳಿದ ಮೇಲೆ ಕವರ್ ಎಷ್ಟಿದ್ದರೇನು! ಕಂಬಿ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಹೊರಗೆ ದೂಡುತ್ತದೆ.

ಕಂಟ್ರಾಕ್ಟರನಿಗೆ ಗೊತ್ತಿರಲಿಲ್ಲವೇ? ಬೋಳೀಮಗನಿಗೆ ಗೊತ್ತಿತ್ತು. ಆದರೆ ಬೈಯಲು ಬಾಯಿ ತೆರೆದ ಸುಧಾಕರನಿಗೆ ಕಾಂಕ್ರೀಟು ಹಾಕಿದ ದಿನ ಕಣ್ಣೆದುರು ಬಂತು. ಬಾವಿಯ ಪಂಪಿನ ಪೈಪು ಪಕ್ಕದಲ್ಲೇ ಕಾಂಕ್ರೀಟಿಗೆ ನೀರು ಸುರಿಯುತ್ತಿತ್ತು. ಸುಗುಣಕ್ಕ ಕೊಟ್ಟ ಸಿಹಿ ನೀರನ್ನು ಗಟಗಟ ಕುಡಿದು, ಚೊಂಬು ಕೆಳಗಿಟ್ಟು, ತಾನು ಮತ್ತೆ ಕಂಬಿಗೆ ಬಗ್ಗಿದ್ದ. ಇಷ್ಟು ಪದ ಕಲಿಸಿದವನು ಉಪ್ಪು ನೀರು ಆಗದೆಂಬ ಒಂದು ಮಾತು ಹೇಳಲಿಲ್ಲ. ಕೋಟೇಶ್ವರದ ಅವನ ಮನೆಯ ಬಾವಿ ವರ್ಷವಿಡೀ ಸಿಹಿ. ಅವನಿಗೆ ಹೊಳೆಯಲೇ ಇಲ್ಲ.

"ನಾ ಹೆಚ್ಚ್ ದಿನ ನೀರ್ ಹಾಕದ್ದೇ ತಪ್ಪಾಯ್ತಾ?"

"ನಿಮ್ದಲ್ಲ ಅಕ್ಕ. ಹೇಳ್ದೇ ಹೋದವ ನಾನ್."

"ಆಯ್ತ್, ಈಗ ಎಂತ ಮಾಡುದ್?"

"ಸ್ಲ್ಯಾಬ್ ಒಡಿಕ್. ಬೇರೆ ಮದ್ದಿಲ್ಲೆ."

"ಒಡ್ದ್ ಎಲ್ಲಿಗ್ ಹೋಪುದ್? ಆಯ್ತ್ವಾರ ಹೆಣ್ಣ್ ಕಾಂಬುಕೆ ಬತ್ರ್, ಬ್ರಹ್ಮಾವರದವ್ರ್. ನೀ ಗಾರಿ ಹಾಕಿ ಮುಚ್ಚ್."

"ತುಕ್ಕ್ ಒಳ್ಗೆ ತಿಂತಾನೇ ಇರತ್ತ್. ಗಾರಿ ಸಮೇತ ಬೀಳತ್ತ್."

"ಆಯ್ತ್ವಾರದೊಳ್ಗೆ ಬೀಳತ್ತಾ?"

"ಅದ್ ಹೇಳುಕಾತಿಲ್ಲೆ."

"ಹಂಗಾರ್ ಮುಚ್ಚ್."

ಹಲ್ಲು ಕಚ್ಚಿಕೊಂಡು ಮುಚ್ಚಿದ. ಸುಳ್ಳು ಕೆಲಸವೆಂದು ಗೊತ್ತಿದ್ದೂ ಕೈ ಮಾತ್ರ ಗಾರೆಯನ್ನು ಕನ್ನಡಿಯ ಹಾಗೆ ನಯ ಮಾಡಿತು. ಅವನು ಏಣಿ ಇಳಿಯುವಾಗ ಚೇತನಾ ಒಳಬಾಗಿಲಲ್ಲಿ ನಿಂತಿದ್ದಳು.

"ಸುಧಾಕರಣ್ಣ, ಬಂದವ್ರನ್ನ ಎಲ್ಲಿ ಕೂರ್ಸುದ್?"

ಏಣಿಯನ್ನು ಸರಿಸಿ ಸರಿಸಿ ಮತ್ತೆ ಹತ್ತಿ, ಸುತ್ತಿಗೆಯ ಹಿಡಿಯಿಂದ ಅವನು ಸ್ಲ್ಯಾಬನ್ನು ಬಡಿಯುತ್ತಾ ಹೋದ. ಎಲ್ಲಿ ಬಡಿದರೂ ಟೊಳ್ಳು ಸದ್ದು. ಪಡುಗೋಡೆಯ ಪಕ್ಕದಲ್ಲಿ ಮಾತ್ರ ಗಟ್ಟಿ, ನಾಲ್ಕು ಕುರ್ಚಿ ಹಿಡಿಯುವಷ್ಟು ಜಾಗ. ಕುರ್ಚಿಗಳನ್ನು ತಾನೇ ತಂದು ಅಲ್ಲಿ ಸಾಲಾಗಿ ಇಟ್ಟ.

"ಇಲ್ಲೇ ಕೂರ್ಸಿ. ನೀವಿಬ್ರೂ ಇನ್ ಜಗ್ಲಿ ಮೇಲ್ ಮಲ್ಕಣಿ."

"ಜಗ್ಲಿ ಮೇಲೂ ಇದೇ ಸ್ಲ್ಯಾಬ್ ಅಲ್ದಾ?" ಸುಗುಣಕ್ಕ ಕೇಳಿದಳು.

ಸುಧಾಕರ ಹೌದೆಂದ.