ಒಂದೇ ಒಂದು ‘ಬೇಡ’

ಅಧ್ಯಕ್ಷರು ಇನ್ನೊಮ್ಮೆ ಚುನಾವಣೆಗೆ ನಿಲ್ಲಬಹುದೇ ಎಂದು ಸರ್ಕಾರ ದೇಶವನ್ನೆಲ್ಲ ಕೇಳಿದಾಗ, ಬೊಲಿವಿಯಾದ ಎತ್ತರದ ಬಯಲಿನ ನಮ್ಮ ಹಳ್ಳಿ ಮೊದಲು ಸಭೆ ಸೇರಿತು. ಕೂಡಿ ಒಂದು ಮಾತಿಗೆ ಬರುವುದು, ಬಂದ ಮೇಲೆ ಎಲ್ಲರೂ ಹಾಗೆಯೇ ಮತ ಹಾಕುವುದು ಇಲ್ಲಿನ ಪದ್ಧತಿ. ಅಧ್ಯಕ್ಷರೆಂದರೆ ರಸ್ತೆ ಕೊಟ್ಟ ಮನುಷ್ಯ, ನಮ್ಮವರಂತೆ ಮಾತಾಡುವ ಮನುಷ್ಯ ಎಂದರು ಎಲ್ಲರೂ. ವಿಧವೆ ನಿಕೊಲಾಸಾ ಮಾತ್ರ ಎದ್ದು ನಿಂತಳು.

“ನಮ್ಮೂರ ಯಜಮಾನಿಕೆ ವರ್ಷಕ್ಕೊಂದು ಮನೆ ಸುತ್ತುತ್ತೆ. ಮೇಲಿನ ಕುರ್ಚಿ ಯಾಕೆ ಸುತ್ತಬಾರದು?”

ಸಭೆ ‘ಹೌದು’ ಎಂದಿತು. ಮತದ ದಿನ ಅವಳೂ ‘ಹೌದು’ ಎಂದೇ ಗುರುತು ಹಾಕಿದಳು. ಊರ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ.

ಸಂಜೆ ಶಾಲೆಯ ಅಂಗಳದಲ್ಲಿ ಚೀಟಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಹೌದು, ಹೌದು, ಹೌದು. ನಡುವೆ ಒಂದು ‘ಬೇಡ’. ತಲೆಗಳೆಲ್ಲ ಅವಳತ್ತ ತಿರುಗಿದವು.

ಆಲೂಗಡ್ಡೆ ಕೀಳುವ ಕಾಲ ಬಂತು. ಅದು ಒಬ್ಬರಿಗೊಬ್ಬರು ದುಡಿದುಕೊಡುವ ಮುಯ್ಯಾಳಿನ ಕೆಲಸ. ಬೇರೆಯವರ ಹೊಲಗಳಲ್ಲಿ ಬೆನ್ನು ಬಗ್ಗಿಸಿದ್ದವಳ ಹೊಲಕ್ಕೆ ಈ ಸಲ ಯಾರೂ ಬರಲಿಲ್ಲ. ಕರೆಯಲು ಹೋದರೆ ನಲ್ಲಿಯ ಹತ್ತಿರ ಹೆಂಗಸರು ನಕ್ಕರು.

“ಒಂದು ಚೀಟೀಲಿ ದೇಶಾನೇ ತಿರುಗಿಸೋಳಿಗೆ ನಾಲ್ಕು ಸಾಲು ಯಾವ ಲೆಕ್ಕ, ಅಗಿ ತಾಯಿ.”

ಒಬ್ಬಳೇ ಅಗೆದಳು. ಮಣ್ಣಲ್ಲೇ ಉಳಿದ ಗಡ್ಡೆಗಳಿಗೆ ಹುಳು ಬೀಳತೊಡಗಿತ್ತು. ಒಂದು ಮಧ್ಯಾಹ್ನ ಮೈದುನ ಸೆಬೆರೊ ಬಂದ. ಆ ವರ್ಷದ ಯಜಮಾನಿಕೆ ಅವನದು.

“ಅತ್ತಿಗೆ, ಸಭೇಲಿ ತಪ್ಪಾಯ್ತು ಅಂದ್ಬಿಡು. ತಪ್ಪುಕಾಣಿಕೆ ಅಂತ ಅಗಿಯೋಕೆ ಒಂದು ಹಿಡಿ ಕೋಕಾ ಎಲೆ ಹಂಚು. ನಾಳೇನೇ ಎಲ್ಲರೂ ಬರ್ತಾರೆ.”

“ನಾನು ಹಾಕಿದ್ದು ಹೌದು ಅಂತಾನೇ, ಸೆಬೆರೊ.”

“ಗೊತ್ತು.”

ಅವಳು ಗುದ್ದಲಿ ನಿಲ್ಲಿಸಿದಳು. ಅವನು ನೆಲ ನೋಡುತ್ತಿದ್ದ.

“ಆ ‘ಬೇಡ’ ನಂದು. ನೀನು ಹೇಳಿದ್ದು ಸರಿ ಅನ್ನಿಸ್ತು.”

“ಹಂಗಾದ್ರೆ ಅವರಿಗೂ ಹೇಳು.”

“ಯಜಮಾನ ನಾನು. ನಾನೇ ಮಾತು ಮುರಿದೆ ಅಂದ್ರೆ ಊರು ಒಡೆದೋಗುತ್ತೆ.”

“ನಾನು ಮುರಿದೆ ಅಂದ್ರೆ ಒಡೆಯಲ್ಲ ಅಲ್ವಾ.”

ಬೆಂಕಿಯಲ್ಲಿ ಕಾಯಿಸಿದ ಮಣ್ಣ ಹೆಂಟೆಗಳಡಿ ಬೇಯಲು ಹುಗಿದಿದ್ದ ಗಡ್ಡೆಗಳನ್ನು ಕೆದಕಿ ತೆಗೆದು ಅವಳು ಅವನ ಮುಂದಿಟ್ಟಳು.

“ತಿನ್ನು. ಹೊಲಕ್ಕೆ ಬಂದವರನ್ನ ಹಾಗೇ ಕಳಿಸಬಾರದು. ತಪ್ಪಾಯ್ತು ಅಂತ ಮಾತ್ರ ನಾನು ಹೇಳಲ್ಲ.”

ಅವನು ಒಂದು ಗಡ್ಡೆ ಕೈಗೆತ್ತಿಕೊಂಡ. ದೂರದ ದಾರಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಬರುತ್ತಿದ್ದರು. ಅವರ ಕಣ್ಣಿಗೆ ಬೀಳುವ ಮೊದಲೇ ಸೆಬೆರೊ ಎದ್ದು ಬದುವಿನ ಆಚೆ ಇಳಿದುಹೋದ. ನಿಕೊಲಾಸಾ ಉಳಿದವನ್ನು ಸಿಪ್ಪೆ ಸುಲಿದು, ಒಬ್ಬಳೇ ಕೂತು ತಿಂದಳು.