ಕಣ್ಣಿಗೆ ಇಡುವ ಬಿಳಿ ಚುಕ್ಕೆ

ನಮ್ಮಪ್ಪ ಉಸ್ತಾದ್ ಐನುಲ್ಲಾ ಒಂಟೆ ಮೂಳೆಯ ಬಿಲ್ಲೆಗಳ ಮೇಲೆ ಮುಖ ಬರೆಯುತ್ತಿದ್ದರು. ಬಿಲ್ಲೆ ಅಂದರೆ ಮುಷ್ಟಿಯೊಳಗೆ ಮುಚ್ಚಿಕೊಳ್ಳುವಷ್ಟು. ಬೆಕ್ಕಿನ ಕೂದಲಿನ ಕುಂಚ, ಒಂದು ಭೂತಗನ್ನಡಿ, ಬಿಗಿಹಿಡಿದ ಉಸಿರು, ಇಷ್ಟೇ ಅವರ ಸರಂಜಾಮು. ಇಸ್ಫಹಾನಿನಲ್ಲಿ ಈ ಕೆಲಸ ಬಲ್ಲವರು ಬೇಕಾದಷ್ಟಿದ್ದಾರೆ. ಆದರೆ ಅಪ್ಪನ ಹಠ ಇನ್ನೊಬ್ಬರಿಗಿರಲಿಲ್ಲ. ಮುಖ, ಗಡ್ಡ, ಅಂಗಿಯ ಗುಂಡಿ ಎಲ್ಲ ಮುಗಿದ ಮೇಲೂ ಕಣ್ಣಿನ ಬಿಳಿ ಚುಕ್ಕೆಯೊಂದನ್ನು ಬಿಟ್ಟಿರುತ್ತಿದ್ದರು. ಅದನ್ನಿಡುವುದು ಹೊಸ ವರ್ಷದ ನೌರೋಜ್ ಹಬ್ಬದ ದಿನ. ಚಿತ್ರದಲ್ಲಿರುವವರೇ ಮನೆಗೆ ಬಂದು, ಹಬ್ಬದ ಶುಭಾಶಯ ಹೇಳಿ, ಅಪ್ಪನ ಎದುರಿಗೆ ಕೂರಬೇಕು. ಕೂತವರು ಏನು ನೋಡುತ್ತಾರೋ ಅದನ್ನೇ ಚುಕ್ಕೆಯೊಳಗೆ ಬರೆಯುತ್ತಿದ್ದರು: ನೀಲಿ ಟೋಪಿಯ ಅಪ್ಪ, ಕೈಯಲ್ಲಿ ಕುಂಚ, ಬೆನ್ನ ಹಿಂದೆ ಬಣ್ಣದ ಗಾಜಿನ ಕಿಟಕಿ. ಭೂತಗನ್ನಡಿ ಇಲ್ಲದೆ ನೋಡಿದರೆ ಅದು ಬರೀ ಬೆಳಕು.

ಹೋದ ವರ್ಷದ ಹಬ್ಬಕ್ಕೆ ನನ್ನ ಮಗ ಸಿಯಾಮಕ್ ಬರಲಿಲ್ಲ. ಬೂಶೆಹ್ರ್ ಬಂದರಿನಲ್ಲಿ ಸರಕಿನ ದೋಣಿಯ ಕೆಲಸ ಅವನದು, ರಜೆ ಸಿಗಲಿಲ್ಲ. ಮೊಮ್ಮಗನ ಮುಖ ಬರೆದಿಟ್ಟುಕೊಂಡು ಕಾದಿದ್ದ ಅಪ್ಪನಿಗೆ ಕೋಪ ನೆತ್ತಿಗೇರಿತ್ತು.

"ಫೋನಲ್ಲೇ ಶುಭಾಶಯ ಹೇಳಿದ್ನಲ್ಲಪ್ಪ, ಚುಕ್ಕೆ ಇಟ್ಟುಬಿಡಿ" ಅಂದೆ.

"ಫೋನು ಬಂದು ಕೂತ್ಕೊಳತ್ತೇನೇ ನನ್ನೆದುರಿಗೆ? ನಾನು ಎಲ್ಲೇ ಇರ್ಲಿ, ಅವನು ಬಂದು ಕೂರ್ಲಿ. ಆಮೇಲೇ ಕಣ್ಣು."

ಈ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಅವರ ಕೋಣೆಯ ಗೋಡೆಯ ಮೇಲೆ ನಮ್ಮೆಲ್ಲರ ಹೊಳೆಯುವ ಕಣ್ಣುಗಳ ನಡುವೆ ಸಿಯಾಮಕನ ಬಿಲ್ಲೆಯೊಂದು ಕುರುಡಾಗಿ ಉಳಿಯಿತು. ಕೆಲಸ ಮುಗಿಯದ ಬಿಲ್ಲೆಯಾದ್ದರಿಂದ ಅದಕ್ಕೆ ಮೆರುಗೆಣ್ಣೆಯನ್ನೂ ಹಚ್ಚಿರಲಿಲ್ಲ. ಬೇರೆ ಕಲಾವಿದರ ಕೈಲಿ ಚುಕ್ಕೆ ಇಡಿಸಿ ಅಂತ ಯಾರೋ ಹೇಳಿದ್ದಕ್ಕೆ ಅಮ್ಮ ಕೆರಳಿ, ಕೋಣೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಾವಾದ ಮನೆಯ ಮೊದಲ ನೌರೋಜಿಗೆ ಊರಿನ ನೆಂಟರೆಲ್ಲ ಮೊದಲು ಆ ಮನೆಗೇ ಬರುತ್ತಾರೆ. ಮಿಠಾಯಿ ತಟ್ಟೆ ಇಡುವುದಿಲ್ಲ; ಖರ್ಜೂರ, ಹಲ್ವ, ಚಹಾ. ಹಬ್ಬದ ಶುಭಾಶಯದ ಬದಲು "ಇದೇ ನಿಮ್ಮ ಕೊನೆಯ ದುಃಖವಾಗಲಿ" ಅನ್ನಬೇಕು. ಬೆಳಗಿನಿಂದ ಅದನ್ನೇ ಕೇಳಿ ಕೇಳಿ ನನಗೆ ಮೈ ಪರಚಿಕೊಳ್ಳುವಂತಾಗಿತ್ತು. ಗುಲಾಬಿ ನೀರು ಮುಟ್ಟಿಕೊಂಡು ಹೆಬ್ಬೆರಳಿನಲ್ಲಿ ಹಲ್ವ ಒತ್ತುತ್ತಾ ಬಾಗಿಲನ್ನೇ ನೋಡುತ್ತಿದ್ದೆ. ಸಿಯಾಮಕ್ ಹಿಂದಿನ ಸಂಜೆ ಬಸ್ಸು ಹತ್ತಿದ್ದ. "ಈ ಸಲ ತಪ್ಪಿಸಲ್ಲಮ್ಮ, ಗೋರಿ ಹತ್ರ ಹೋಗಿ ಅಜ್ಜನಿಗೆ ಶುಭಾಶಯ ಹೇಳಿಯೇ ಹೇಳ್ತೀನಿ" ಅಂದಿದ್ದ. ಬೆಳಿಗ್ಗೆಯೇ ಬರಬೇಕಿದ್ದವನ ಸುಳಿವಿಲ್ಲ, ಫೋನೂ ಎತ್ತುತ್ತಿಲ್ಲ.

ಅಪ್ಪನ ತಂಗಿ ಇಶ್ರತ್ ಅತ್ತೆ ತಲೆಯ ಮೇಲಿನ ಕರಿ ಚಾದರ ಸರಿಪಡಿಸಿಕೊಳ್ಳುತ್ತಾ ಹತ್ತಿರ ಬಂದಳು.

"ಹಾಗೆ ದಿಟ್ಟಿಸ್ಬೇಡ ಮಹ್ರುಖ್, ಆ ಬಾಗಿಲಿಗೇ ನಾಚಿಕೆ ಆಗತ್ತೆ. ರಸ್ತೆ ತುಂಬ ಹಬ್ಬದ ಜನ, ಬಸ್ಸು ತಡ ಆಗಿರತ್ತೆ. ಏಳು, ಕೋಣೆ ತೆಗ್ಸು. ಗೋಡೆ ಮೇಲಿರೋ ನನ್ನ ಮುಖ ನೋಡ್ಕೊಂಡು ವರ್ಷ ಆಯ್ತು."

ಅಮ್ಮ ಬೀಗ ತೆಗೆದಳು. ಮೂವರೂ ಒಳಗೆ ಹೋದೆವು. ಅಷ್ಟು ದಿನ ಮುಚ್ಚಿದ್ದ ಕೋಣೆಯಲ್ಲಿ ಧೂಳಿನ ವಾಸನೆ ಇರಲಿಲ್ಲ. ಆಗ ತಾನೇ ಬಣ್ಣಕ್ಕೆ ಕಲಸಿದ ಗೋಂದಿನ ವಾಸನೆ ಇತ್ತು. ನನ್ನ ಮೂಗಿಗಷ್ಟೇ ಇರಬೇಕು ಅಂದುಕೊಂಡೆ.

ಅತ್ತೆ ಭೂತಗನ್ನಡಿ ಹಿಡಿದು ತನ್ನ ಬಿಲ್ಲೆಯ ಮುಂದೆ ನಿಂತಳು. "ನೋಡ್ರೇ, ಗಲ್ಲದ ಮೇಲಿನ ಎರಡು ಕೂದಲನ್ನೂ ಬಿಟ್ಟಿಲ್ಲ ಈ ಮಹಾರಾಯ! ತಂಗಿ ಅಂತ ಒಂಚೂರು ಕರುಣೆ ಬೇಡ್ವಾ?"

"ಅದನ್ನ ಬಿಟ್ಟಿದ್ರೆ ಅದು ನೀನು ಅಂತ ಯಾರಿಗೆ ಗೊತ್ತಾಗ್ತಿತ್ತು?" ಅಂದಳು ಅಮ್ಮ. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅತ್ತೆ ಒಂದೊಂದೇ ಬಿಲ್ಲೆ ದಾಟುತ್ತಾ ಹೋದಳು. ರೆಪ್ಪೆಯ ಕೂದಲು ಎಣಿಸಬಹುದು ಅಂದಳು, ಅಮ್ಮನ ಕಿವಿಯೋಲೆಯ ಕಲ್ಲಿನಲ್ಲೂ ಕಿಟಕಿ ಕಾಣುತ್ತೆ ಅಂದಳು. ಆಮೇಲೆ ನಿಂತುಬಿಟ್ಟಳು.

"ತೂರಾನ್, ಸಿಯಾಮಕನ ಕಣ್ಣು ಯಾರ ಕೈಲಿ ಬರೆಸಿದ್ರಿ?"

ಅಮ್ಮ ಸೊಂಟ ಮುಟ್ಟಿಕೊಂಡಳು. "ಈ ಕೀಲಿ ನನ್ನ ಬಿಟ್ಟು ಎಲ್ಲೂ ಹೋಗಿಲ್ಲ ಇಶ್ರತ್."

ಚಿತ್ರದಲ್ಲಿ ನನ್ನ ಮಗ ನೋಡುತ್ತಿದ್ದ.

"ಅವರೇ ಕಣೇ!" ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಹಬ್ಬಕ್ಕೆ ಮೊಮ್ಮಗನಿಗೆ ಕಣ್ಣು ಕೊಟ್ಟಿದ್ದಾರೆ. ಎಂಥಾ ಒಳ್ಳೆ ಶಕುನ!" ಅತ್ತೆಯೂ ಅಳುತ್ತಾ ಪ್ರಾರ್ಥನೆ ಶುರುಮಾಡಿದಳು. ನಾನು ಅವಳ ಕೈಯಿಂದ ಭೂತಗನ್ನಡಿ ಕಿತ್ತುಕೊಂಡೆ.

ಬಲಗಣ್ಣಿನಲ್ಲಿ ಅಪ್ಪ ಕೂತಿದ್ದರು. ಅದೇ ನೀಲಿ ಟೋಪಿ, ಅದೇ ಕುಂಚ. ಬೆನ್ನ ಹಿಂದೆ ಕಿಟಕಿ ಇರಲಿಲ್ಲ, ಬರೀ ಮಣ್ಣಿನ ಬಣ್ಣ. ಎಡಗಣ್ಣಿನಲ್ಲಿ ಕೆಲಸ ಇನ್ನೂ ಅರ್ಧ. ಭುಜ ಇತ್ತು, ಮುಖ ಇತ್ತು, ಟೋಪಿಗೆ ಬಣ್ಣ ಇರಲಿಲ್ಲ. ನಾನು ನೋಡುತ್ತಿದ್ದಂತೆ ಟೋಪಿಯ ಅಂಚಿಗೆ ನೀಲಿ ಬಂತು. ಹಸಿ ನೀಲಿ. ಅದು ಮೆಲ್ಲಗೆ ಮೇಲಕ್ಕೆ ಹರಡಿತು.

ಎದುರಿಗೆ ಕೂರಿಸಿಕೊಳ್ಳದೆ ಚುಕ್ಕೆ ಇಟ್ಟವರೇ ಅಲ್ಲ ನಮ್ಮಪ್ಪ. ಹಾಗಾದರೆ ಸಿಯಾಮಕ್ ಈಗ ಅವರ ಎದುರಿಗೆ ಕೂತಿದ್ದಾನೆ. ಶುಭಾಶಯ ಹೇಳಿ ಆಗಿದೆ. ಈ ಕಣ್ಣು ಮುಗಿದರೆ ನನ್ನ ಮಗ ಮುಗಿದ.

ಬಿಲ್ಲೆಯನ್ನು ಗೋಡೆಯಿಂದ ಕಿತ್ತೆ. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಎರಡೂ ಕಣ್ಣನ್ನು ತಿಕ್ಕಿದೆ. ಬಿಳಿ ಹೋಯಿತು, ನೀಲಿ ಹೋಯಿತು, ಅಪ್ಪ ಹೋದರು. ನಾನು ನಿಲ್ಲಿಸಲಿಲ್ಲ. ಕರಿಗುಡ್ಡೆ, ರೆಪ್ಪೆ ಎಲ್ಲ ಅಳಿಸಿ ಬರೀ ಮೂಳೆ ಕಾಣುವವರೆಗೂ ತಿಕ್ಕಿದೆ.

ಅಮ್ಮ ನನ್ನ ಕೆನ್ನೆಗೆ ಹೊಡೆದಳು. "ಪಾಪಿ! ಸತ್ತವರ ಕೈಕೆಲಸ ಅಳಿಸ್ತೀಯೇನೇ?"

"ಅಳಿಸ್ತೀನಿ. ನನ್ನ ಮಗನ್ನ ಬಿಟ್ಟು ಇನ್ಯಾರನ್ನ ಬೇಕಾದ್ರೂ ಕೂರಿಸ್ಕೊಳ್ಲಿ ಅವ್ರು!" ಅಂತ ಕಿರುಚಿದೆ. ಹೆತ್ತಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಆಗ ನನ್ನ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.

"ಅಮ್ಮಾ."

"ಸಿಯಾಮಕ್! ಎಲ್ಲಿದ್ದೀಯೋ?"

"ಶಿರಾಜಿನ ಆಸ್ಪತ್ರೇಲಿ. ಬಸ್ಸು ಮಗುಚಿಕೊಳ್ತಂತೆ. ಹೆದರ್ಬೇಡ, ಕೈಕಾಲೆಲ್ಲ ನೆಟ್ಟಗಿದೆ. ಉಸಿರು ನಿಂತೇಹೋಗಿತ್ತು, ಈಗಷ್ಟೇ ಬಂತು ಅಂತಿದ್ದಾರೆ ಇಲ್ಲಿನ ನರ್ಸು, ಇದು ಅವ್ರ ಫೋನೇ." ಅವನು ನಕ್ಕ, ಕೆಮ್ಮಿದ. "ಅಮ್ಮಾ, ಅಜ್ಜ ಸಿಕ್ಕಿದ್ರು. ಹಬ್ಬದ ಶುಭಾಶಯ ಹೇಳ್ದೆ. ಕೂರಿಸ್ಕೊಂಡು, 'ಅಲ್ಲಾಡ್ಬೇಡ, ಇನ್ನೊಂದು ಕಣ್ಣು ಅಷ್ಟೇ' ಅಂದ್ರು. ಅಷ್ಟರಲ್ಲಿ ಯಾರೋ ಒದ್ದೆ ಬೆರಳಲ್ಲಿ ನನ್ನ ಕಣ್ಣು ತಿಕ್ಕಿದ್ರಮ್ಮ. ಗುಲಾಬಿ ನೀರಿನ ವಾಸನೆ ಬರ್ತಿತ್ತು."

ಬಣ್ಣ ಮೆತ್ತಿದ ಹೆಬ್ಬೆರಳನ್ನು ನೋಡಿಕೊಂಡೆ. ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು.

"ಅಮ್ಮಾ, ಇದ್ದೀಯಾ? ಇಲ್ಲಿ ಕರೆಂಟ್ ಹೋಗಿದೆ ಅನ್ಸತ್ತೆ, ಏನೂ ಕಾಣ್ತಿಲ್ಲ. ಕೇಳಿದ್ರೆ ಯಾರೂ ಮಾತಾಡಲ್ಲ. ಒಂದು ದೀಪ ಹಚ್ಚೋಕೆ ಹೇಳು ಇವ್ರಿಗೆ."

"ಹೇಳ್ತೀನಿ ಮಗನೇ" ಅಂದೆ. "ನೀನು ಮಾತಾಡ್ತಾ ಇರು."